ಗೀರು ಬಿದ್ದ ಲೋಹಕ್ಕೆ ಎಪಾಕ್ಸಿಯ ಲೇಪ

ಕಲಾ ವಿಭಾಗದ ವಿದ್ಯಾರ್ಥಿಗೆ ಎಂಜಿನ್ನಿನ ಗೊಡವೆ ಏಕೆಂದು ಸಹಪಾಠಿಗಳು ನಗಬಹುದು. ಆದರೆ ರಾಜಾಜಿನಗರದ ಇಂಡಸ್ಟ್ರಿಯಲ್ ಟೌನಿನಿಂದ ಕಾಮಾಕ್ಷಿಪಾಳ್ಯದವರೆಗೆ ನಡೆದುಹೋಗುವವನ ಕಿವಿಗೆ ಲೇತಿನ ಸದ್ದು ಬೀಳದ ದಿನವಿಲ್ಲ. ಅಲ್ಲಿಯ ಒಂದು ಗ್ಯಾರೇಜಿನಲ್ಲಿ ನಮ್ಮ ಸೋದರಮಾವನವರು ಹಳೆಯ ಮೋಟಾರು ಸೈಕಲ್ಲುಗಳನ್ನು ರಿಪೇರಿ ಮಾಡುತ್ತಾರೆ. ಅವರ ಬಳಿ ಕುಳಿತು ನೋಡಿ, ಕೇಳಿ ತಿಳಿದುದನ್ನು ವಾಚಕರಲ್ಲಿ ನಿವೇದಿಸುತ್ತೇನೆ.

ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1996ರಲ್ಲಿ ಮುಚ್ಚಿತು. ಅಲ್ಲಿ ತಯಾರಾದ ಜಾವಾ, ಯೆಜ್ಡಿ ಗಾಡಿಗಳು ಇಂದಿಗೂ ನಮ್ಮ ಬೀದಿಗಳಲ್ಲಿ ಓಡುತ್ತಿವೆ. ಇವುಗಳ ಕ್ರ್ಯಾಂಕ್‌ಕೇಸು ಅಲ್ಯೂಮಿನಿಯಂ ಎರಕದ ಎರಡು ಹೋಳುಗಳ ಜೋಡಣೆ. ಅದನ್ನು ಬಿಚ್ಚುವಾಗ ಅವಸರದವರು ಸಂದಿಗೆ ಸ್ಕ್ರೂಡ್ರೈವರ್ ತುರುಕಿ ಮೀಟುತ್ತಾರೆ. ನುಣುಪಾದ ಮುಖದ ಮೇಲೆ ಗೀರು ಬೀಳುತ್ತದೆ. ಇಷ್ಟು ಸಣ್ಣ ಗೀರಿನಿಂದ ಏನಾದೀತು ಎನ್ನಬಾರದು. ಎರಡು ಸ್ಟ್ರೋಕಿನ ಎಂಜಿನ್ನಿನಲ್ಲಿ ಕ್ರ್ಯಾಂಕ್‌ಕೇಸು ಬರಿಯ ಪೆಟ್ಟಿಗೆಯಲ್ಲ. ಪೆಟ್ರೋಲು ಮತ್ತು ಗಾಳಿಯ ಮಿಶ್ರಣವನ್ನು ಎಳೆದು ಸಿಲಿಂಡರಿಗೆ ತಳ್ಳುವ ಪಂಪು. ಗೀರಿನ ಮೂಲಕ ಹೊರಗಾಳಿ ನುಸುಳಿದರೆ ಮಿಶ್ರಣದಲ್ಲಿ ಪೆಟ್ರೋಲೂ ಅದರೊಡನೆ ಬರುವ ಎಣ್ಣೆಯೂ ಕಡಮೆಯಾಗುತ್ತವೆ. ಪಿಸ್ಟನ್ನು ಅತಿಯಾಗಿ ಕಾದು, ಹಿಗ್ಗಿ, ಸಿಲಿಂಡರಿನಲ್ಲಿ ಕಚ್ಚಿಕೊಳ್ಳುತ್ತದೆ. ವೇಗದಲ್ಲಿದ್ದಾಗ ಹಾಗಾದರೆ ಹಿಂದಿನ ಚಕ್ರ ಥಟ್ಟನೆ ನಿಂತು, ಸವಾರನ ಪ್ರಾಣಕ್ಕೇ ಸಂಚಕಾರ ಬರುತ್ತದೆ.

ಇಂಥ ಗೀರನ್ನು ತುಂಬಲು ಎಪಾಕ್ಸಿಯನ್ನು ಬಳಸಬಹುದು. ಇದು ರಾಳ ಮತ್ತು ಹಾರ್ಡನರ್ ಎಂಬ ಎರಡು ದ್ರವ್ಯಗಳ ಸಂಯೋಗ. ಬೆರೆಸಿದಾಗ ಅವುಗಳ ಅಣುಗಳು ಬಲೆಯಂತೆ ಹೆಣೆದುಕೊಂಡು ಗಟ್ಟಿಯಾಗುತ್ತವೆ. ಮೇಣವನ್ನು ಕರಗಿಸಿದಂತೆ ಅದನ್ನು ಮತ್ತೆ ಕರಗಿಸಲಾಗದು. ಲೋಹದ ಪುಡಿ ಬೆರೆತ ಎಪಾಕ್ಸಿ ಕಡಮೆ ಕುಗ್ಗುತ್ತದೆ, ಉಜ್ಜುವುದಕ್ಕೂ ಅನುಕೂಲ.

ಕೆಲಸದ ಕ್ರಮ ಹೀಗಿದೆ. ಮೊದಲು ಥಿನ್ನರಿನಿಂದ ಜಿಡ್ಡನ್ನು ತೊಳೆದು, ಥಿನ್ನರು ಪೂರ್ತಿ ಆರಿದ ಮೇಲೆ ಎರಕವನ್ನು ಸ್ವಲ್ಪ ಬಿಸಿಮಾಡಬೇಕು. ಸೂಕ್ಷ್ಮ ರಂಧ್ರಗಳಲ್ಲಿ ಅಡಗಿದ ಎಣ್ಣೆ ಹೊರಬರುತ್ತದೆ. ಅದನ್ನು ಒರೆಸಿ, ತಣಿದ ಮೇಲೆ ಮತ್ತೊಮ್ಮೆ ತೊಳೆಯಬೇಕು. ಅನಂತರ ಗೀರಿನ ಒಳಗನ್ನು ಎಮರಿ ಕಾಗದದಿಂದ ಒರಟು ಮಾಡಬೇಕು. ಉಜ್ಜಿದ ಅಲ್ಯೂಮಿನಿಯಂ ಮೇಲೆ ಗಾಳಿಯಿಂದ ಆಕ್ಸೈಡಿನ ಪೊರೆ ಕೂಡಲೇ ಕಟ್ಟತೊಡಗುವುದರಿಂದ ಲೇಪಕ್ಕೆ ತಡಮಾಡತಕ್ಕದ್ದಲ್ಲ, ಬೆರಳನ್ನೂ ತಾಗಿಸತಕ್ಕದ್ದಲ್ಲ. ಎರಡು ದ್ರವ್ಯಗಳನ್ನೂ ತಯಾರಕರು ಹೇಳಿದ ಅಳತೆಯಲ್ಲೇ ಬೆರೆಸಿ, ತೆಳುವಾದ ಅಲಗಿನಿಂದ ಗೀರಿನೊಳಕ್ಕೆ ಒತ್ತಬೇಕು. ಹಾರ್ಡನರ್ ಚರ್ಮಕ್ಕೆ ತಗುಲಿದರೆ ಗಂದೆಯೇಳಬಹುದಾದುದರಿಂದ ಕೈಗವಸು ಅವಶ್ಯ. ಒಂದು ದಿನ ಬಿಟ್ಟು, ಸಮತಟ್ಟಾದ ಗಾಜಿನ ಮೇಲೆ ಎಮರಿ ಕಾಗದವನ್ನು ಹಾಸಿ, ಮುಖವನ್ನು ಹಗುರವಾಗಿ ಉಜ್ಜಿ ಸಮಮಾಡಬೇಕು. ಎಮರಿಯ ಪುಡಿ ಬೇರಿಂಗಿಗೆ ವಿಷವಿದ್ದಂತೆ. ಒಂದು ಕಣವೂ ಉಳಿಯದಂತೆ ತೊಳೆದ ಮೇಲೆಯೇ ಜೋಡಣೆ.

ಎಪಾಕ್ಸಿಗೆ ಮಿತಿಯೂ ಉಂಟು. ಸಾಮಾನ್ಯ ಬಗೆಯದು ನೀರು ಕುದಿಯುವ ಶಾಖಕ್ಕೂ ಮುಂಚೆಯೇ ಮೆತ್ತಗಾಗತೊಡಗುತ್ತದೆ. ಎಂಜಿನ್ನಿಗೆ ಹೆಚ್ಚು ಶಾಖವನ್ನೂ ಪೆಟ್ರೋಲನ್ನೂ ತಡೆಯುವ ಬಗೆಯೇ ಬೇಕು. ಒಂದು ಡಿಗ್ರಿ ಶಾಖವೇರಿದರೆ ಅಲ್ಯೂಮಿನಿಯಂ ಹತ್ತು ಲಕ್ಷಕ್ಕೆ ಸುಮಾರು 23 ಭಾಗ ಹಿಗ್ಗುತ್ತದೆ. ಪುಡಿ ಬೆರೆಯದ ಎಪಾಕ್ಸಿ ಅದರ ಎರಡರಷ್ಟಕ್ಕೂ ಹೆಚ್ಚು. ಕಾದು ತಣಿಯುತ್ತಲೇ ಇರುವ ಜಾಗದಲ್ಲಿ ಎರಡರ ಹಿಡಿತವೂ ಸಡಿಲವಾಗುವುದು ಸಹಜ. ಆದುದರಿಂದ ಬೆಂಕಿಯೂ ತಿಕ್ಕಾಟವೂ ಇರುವ ಸಿಲಿಂಡರಿನ ಒಳಮೈಗೆ, ಪಿಸ್ಟನ್ನಿಗೆ, ಭಾರ ಹೊರುವ ಬೇರಿಂಗಿನ ಪೀಠಕ್ಕೆ ಇದು ಸಲ್ಲದು. ಸಿಲಿಂಡರಿನಲ್ಲಿ ಆಳವಾದ ಗೀರಿದ್ದರೆ ಬೋರು ಮಾಡಿಸಿ, ದೊಡ್ಡ ಅಳತೆಯ ಪಿಸ್ಟನ್ ಹಾಕಿಸುವುದೇ ದಾರಿ.

ಮಾವನವರು ತಾವು ಎಪಾಕ್ಸಿ ತುಂಬಿದ ಜಾಗವನ್ನು ಗಾಡಿಯ ಯಜಮಾನನಿಗೆ ತೋರಿಸಿಯೇ ಹಣ ತೆಗೆದುಕೊಳ್ಳುತ್ತಾರೆ. ಬಿರುಕಿಗೆ ಪುಟ್ಟಿ ಮೆತ್ತಿ, ಮೇಲೆ ಬಣ್ಣ ಬಳಿದು ಗಾಡಿ ಮಾರುವವರೂ ಇದ್ದಾರೆ. ಗೀರನ್ನು ತುಂಬುವುದು ಬೇರೆ, ಮರೆಮಾಚುವುದು ಬೇರೆ. ಹಳೆಯ ಗಾಡಿ ಕೊಳ್ಳಬೇಕೆಂದಿರುವ ಮಿತ್ರರು ಅದರ ಹೊಳಪಿಗೆ ಮರುಳಾಗದೆ, ಎಪಾಕ್ಸಿ ಎಲ್ಲಿ ಹಾಕಿದೆ ಎಂದು ಮೊದಲು ಕೇಳುವುದು ಲೇಸು.