ಮಿಲ್ಟ್ರಿ ಕೋಟು ಓದುವ ವಿದ್ಯೆ

ಶಿರಾ, ಪಾವಗಡ ಕಡೆ ಕಂಬಳಿ ಕೊಳ್ಳುವ ಹಿರಿಯರನ್ನು ಗಮನಿಸಿದವರಿಗೆ ಈ ವಿದ್ಯೆ ಅರ್ಧ ಬಂದಂತೆಯೇ. ಬೆಲೆ ಕೇಳುವ ಮೊದಲು ಅವರು ಅಂಚನ್ನು ಬೆರಳಲ್ಲಿ ಹೊಸೆಯುತ್ತಾರೆ. ಬಿಸಿಲಿಗೆ ಎತ್ತಿ ಹಿಡಿದು ನೆಯ್ಗೆಯ ನಡುವೆ ಬೆಳಕು ಎಷ್ಟು ನುಸುಳುತ್ತದೆ ಎಂದು ನೋಡುತ್ತಾರೆ, ಮೂಸುತ್ತಾರೆ. ಹುಣಸೆಬೀಜದ ಗಂಜಿ ಎಷ್ಟು ಕುಡಿದಿದೆ ಎಂಬುದು ಅಂಗೈಗೇ ತಿಳಿಯುತ್ತದೆ. ಯುದ್ಧಕಾಲದ ಸಮವಸ್ತ್ರ ಗುರುತಿಸುವುದೂ ಹೀಗೆಯೇ, ಮೊದಲು ಕೈ, ಆಮೇಲೆ ಕಣ್ಣು, ಪುಸ್ತಕ ಕೊನೆಗೆ.

ಮಧುಗಿರಿ, ಕೊರಟಗೆರೆ ಸುತ್ತಿನ ಹಳೆಯ ಮನೆಗಳ ಅಟ್ಟದಲ್ಲಿ ತಗಡಿನ ಟ್ರಂಕು ತೆಗೆದರೆ ಒಮ್ಮೊಮ್ಮೆ ಖಾಕಿ ಕೋಟೊಂದು ಸಿಗುತ್ತದೆ. ‘ನಮ್ ಮುತ್ತಾತ ಮಿಲ್ಟ್ರೀಲಿದ್ರಂತೆ’ ಎನ್ನುವುದರಾಚೆ ಮನೆಯವರಿಗೆ ಹೆಚ್ಚೇನೂ ತಿಳಿದಿರುವುದಿಲ್ಲ. ಯಾವ ಪಡೆ, ಯಾವ ಯುದ್ಧ, ಎಲ್ಲಿಯ ನೆಲ? ಬಹುಪಾಲು ಉತ್ತರ ಕೋಟಿನಲ್ಲೇ ಇರುತ್ತದೆ. ಸಿಕ್ಕವರಲ್ಲಿ ನನ್ನದು ಒಂದೇ ಬೇಡಿಕೆ: ದಯವಿಟ್ಟು ಒಗೆಯಬೇಡಿ, ಇಸ್ತ್ರಿ ಮಾಡಬೇಡಿ, ಗುಂಡಿಗಳಿಗೆ ಹುಣಸೆಹಣ್ಣು ಹಚ್ಚಿ ಬೆಳಗಬೇಡಿ. ಹಿತ್ತಾಳೆಯ ಮೇಲಿನ ಕಪ್ಪು ಕೊಳೆಯಲ್ಲ, ವಯಸ್ಸು.

ಬಟ್ಟೆಯಿಂದ ಶುರು ಮಾಡೋಣ. ಓರೆಗೆರೆಯ ನೆಯ್ಗೆಯ ದಪ್ಪ ಹತ್ತಿಯಾದರೆ ಅದು ಡ್ರಿಲ್, ಸೆಕೆಯ ನಾಡಿನ ಉಡುಪು. ಒರಟು ಉಣ್ಣೆಯ ಸರ್ಜ್ ಆದರೆ ಚಳಿಗೆ. ಖಾಕಿ ಎಂದರೆ ಧೂಳಿನದು. ಪರ್ಷಿಯನ್‌ನ ‘ಖಾಕ್’ನಿಂದ ಬಂದ ಮಾತು. ಆದರೆ ಬರ್ಮಾದ ಕಾಡಿನಲ್ಲಿ ಧೂಳಿನ ಬಣ್ಣ ಎದ್ದು ಕಾಣುತ್ತಿತ್ತು. ಅದಕ್ಕೇ ಎರಡನೇ ಮಹಾಯುದ್ಧದ ನಡುವೆ ಹಸಿರು ಉಡುಪು ಬಂತು. ಅವಸರಕ್ಕೆ ಖಾಕಿಯನ್ನೇ ಹಸಿರಿಗೆ ಅದ್ದಿದ್ದೂ ಉಂಟು. ಅಂಥ ಅಂಗಿಯ ಹೊಲಿಗೆಯ ಸಂದನ್ನು ಉಗುರಿನಿಂದ ಮೆಲ್ಲಗೆ ಬಿಡಿಸಿ ನೋಡಿದರೆ, ಬಣ್ಣ ತಲುಪದ ಕಡೆ ಹಳೆಯ ಖಾಕಿ ಇಣುಕುತ್ತದೆ. ಒಂದೇ ಅಂಗಿಯಲ್ಲಿ ಎರಡು ರಣರಂಗ! ಈ ಸಂದು ನೋಡುವ ಗಳಿಗೆ ನನಗೆ ಇಡೀ ಕೆಲಸದಲ್ಲೇ ಅಚ್ಚುಮೆಚ್ಚು.

ಕೋಟಿನ ಒಳಮೈಯಲ್ಲಿ ಶಾಯಿಯ ಮುದ್ರೆ ಹುಡುಕಬೇಕು. ಬ್ರಿಟಿಷ್ ಸರ್ಕಾರದ ಸೊತ್ತಿಗೆಲ್ಲ ಅಗಲ ಮೊನೆಯ ಬಾಣದ ಗುರುತು. ಬಾಣದ ಜೊತೆ ‘ಐ’ ಅಕ್ಷರವಿದ್ದರೆ ಭಾರತದ್ದು, ಬಾಣ ‘ಸಿ’ಯೊಳಗೆ ಕೂತಿದ್ದರೆ ಕೆನಡಾದ್ದು, ಎರಡು ‘ಡಿ’ಗಳ ನಡುವೆ ನಿಂತಿದ್ದರೆ ಆಸ್ಟ್ರೇಲಿಯಾದ್ದು. ಪಕ್ಕದಲ್ಲಿ ವರ್ಷ, ಅಳತೆ, ಹೊಲಿದ ಕಾರ್ಖಾನೆಯ ಗುರುತು ಉಳಿದಿದ್ದರೆ ಅದೃಷ್ಟ. ಸೇನೆಯ ಬಟ್ಟೆ ಹೊಲಿಯುವ ಶಹಜಹಾನ್‌ಪುರದ ಕಾರ್ಖಾನೆ ಶುರುವಾದದ್ದು 1914ರಲ್ಲಿ.

ಇನ್ನು ಗುಂಡಿ. ಇಲ್ಲಿ ಆತುರ ಕೂಡದು. ಕಿರೀಟದ ಆಕಾರ ನೋಡಿ. ಕಮಾನಿನ ನಡುಭಾಗ ತಗ್ಗಿದ್ದರೆ ವಿಕ್ಟೋರಿಯಾ ರಾಣಿಯ ಕಾಲ. ಶಿರಾದ ಮಲಿಕ್ ರಿಹಾನ್ ದರ್ಗಾದ ಗುಮ್ಮಟದಂತೆ ಉಬ್ಬಿದ್ದರೆ 1902ರಿಂದ 1952ರವರೆಗಿನ ರಾಜರ ಕಿರೀಟ; ಎರಡೂ ಮಹಾಯುದ್ಧಗಳು ಇದರಡಿಯಲ್ಲೇ ಬರುತ್ತವೆ. ಅಶೋಕನ ಸಿಂಹಗಳಿದ್ದರೆ 1950ರ ಈಚಿನದು. ಆದರೆ ಗುಂಡಿಯೊಂದನ್ನೇ ನಂಬಿ ತೀರ್ಪು ಕೊಡಬಾರದು. ಡ್ರಿಲ್ ಕೋಟಿನ ಹಿತ್ತಾಳೆ ಗುಂಡಿಯನ್ನು ಹೊಲಿಯುತ್ತಿರಲಿಲ್ಲ. ಅದರ ಕೊಂಡಿಯನ್ನು ಬಟ್ಟೆಯ ತೂತಿನಲ್ಲಿ ತೂರಿಸಿ, ಹಿಂದಿನಿಂದ ಸಣ್ಣ ಬಳೆಯೊಂದನ್ನು ಸಿಕ್ಕಿಸುತ್ತಿದ್ದರು. ಒಗೆಯಲು ಹಾಕುವ ಮುನ್ನ ಬಳೆ ಕಳಚಿದರೆ ಗುಂಡಿಗಳೆಲ್ಲ ಕೈಗೆ. ಹಾಗಾಗಿ ಒಂದರ ಗುಂಡಿ ಇನ್ನೊಂದಕ್ಕೆ ಹೋಗಿರುವುದು ತೀರಾ ಮಾಮೂಲು. ತೂತಿನ ಸುತ್ತ ಬಟ್ಟೆ ಸವೆದಿದೆಯೇ, ಗುಂಡಿಯ ಬೆನ್ನಿನ ಹಸಿರು ಕಿಲುಬು ಬಟ್ಟೆಗೂ ಇಳಿದಿದೆಯೇ? ಹೌದಾದರೆ ಅವೆರಡೂ ಬಹುಕಾಲ ಜೊತೆಗೆ ಬಾಳಿವೆ.

ನಮ್ಮ ಸೀಮೆಯವರು ಕಣ್ಣಿನಲ್ಲಿ ಕಣ್ಣಿಟ್ಟು ಹುಡುಕಬೇಕಾದ ಗುರುತು ಗಂಡಭೇರುಂಡ. ಶಿರಾ, ಪಾವಗಡ, ಮಧುಗಿರಿ, ಕೊರಟಗೆರೆ ನಾಲ್ಕೂ ತಾಲ್ಲೂಕು ಆಗ ಮೈಸೂರು ಸಂಸ್ಥಾನದಲ್ಲಿದ್ದವು. ಗಂಡಭೇರುಂಡ ಲಾಂಛನದ ಆ ಸಂಸ್ಥಾನಕ್ಕೆ ತನ್ನದೇ ಸೈನ್ಯವಿತ್ತು. ಮೈಸೂರು ಲ್ಯಾನ್ಸರ್ಸ್ ಕುದುರೆ ಪಡೆ 1914ರಲ್ಲಿ ಈಜಿಪ್ಟಿಗೆ ಹೊರಟಿತು. 1918ರ ಸೆಪ್ಟೆಂಬರ್ 23ರಂದು ಹೈಫಾ ಪಟ್ಟಣ ಬಿದ್ದಾಗ, ಜೋಧಪುರದವರು ಪಟ್ಟಣಕ್ಕೆ ನುಗ್ಗಲು ಕಾರ್ಮೆಲ್ ಬೆಟ್ಟದ ಮೇಲಿನ ಫಿರಂಗಿಗಳ ಬಾಯಿ ಮುಚ್ಚಿಸಿದವರು ಮೈಸೂರಿನವರು. ದೆಹಲಿಯ ತೀನ್ ಮೂರ್ತಿ ಸ್ಮಾರಕದ ಮೂವರು ಸೈನಿಕರಲ್ಲಿ ಒಬ್ಬ ನಮ್ಮವನು. ಎರಡನೇ ಯುದ್ಧದಲ್ಲಿ ಮೈಸೂರು ಇನ್‌ಫೆಂಟ್ರಿಯ ಮೊದಲ ಪಡೆ ಸಿಂಗಪುರದಲ್ಲಿತ್ತು. 1942ರ ಫೆಬ್ರವರಿ 15ರಂದು ಊರೇ ಜಪಾನೀಯರ ಕೈಸೇರಿತು. ಅಲ್ಲಿಂದ ಮರಳಿದವರ ಟ್ರಂಕಿನಲ್ಲಿ ಕೋಟೇ ಇಲ್ಲದಿದ್ದರೆ ಅಚ್ಚರಿಪಡಬೇಕಿಲ್ಲ. ಒಂದು ಎಚ್ಚರ: ಲ್ಯಾನ್ಸರ್ಸ್ ಸೇರಿದಂತೆ ಸಂಸ್ಥಾನಗಳ ಕುದುರೆ ಪಡೆಗಳಿಂದ 1953ರಲ್ಲಿ ಕಟ್ಟಿದ 61ನೇ ಕ್ಯಾವಲ್ರಿಯ ಬಿಲ್ಲೆಯಲ್ಲೂ ಎರಡು ತಲೆಯ ಹಕ್ಕಿಯಿದೆ. ಹಕ್ಕಿ ಕಂಡ ಮಾತ್ರಕ್ಕೆ ಹೈಫಾ ಎನ್ನಲಾಗದು.

ತೋಳಿನ ಬಟ್ಟೆಯ ಬಿಲ್ಲೆಯೂ ಮಾತಾಡುತ್ತದೆ. ಕೆಂಪು ಹದ್ದು 4ನೇ ಭಾರತೀಯ ಡಿವಿಷನ್ನಿನದು, ಕಪ್ಪು ಬೆಕ್ಕು 17ನೆಯದು. ಬಿಲ್ಲೆ ಕಿತ್ತುಹೋಗಿದ್ದರೂ ಬಿಸಿಲು ತಾಗದ ಆ ಜಾಗ ಗಾಢವಾಗಿ ಉಳಿದಿರುತ್ತದೆ. ಪದಕ ಸಿಕ್ಕರೆ ಅಂಚನ್ನೂ ಬೆನ್ನನ್ನೂ ನೋಡಿ. ಎರಡನೇ ಯುದ್ಧದ ಪದಕಗಳನ್ನು ಬ್ರಿಟಿಷ್ ಸೈನಿಕರಿಗೆ ಹೆಸರಿಲ್ಲದೆ ಕೊಟ್ಟರು. ನಮ್ಮ ಸೈನಿಕರಿಗೆ ಸಂಖ್ಯೆ, ದರ್ಜೆ, ಹೆಸರು, ಪಡೆ ಕೊರೆದು ಕೊಟ್ಟರು. ಭೂತಗನ್ನಡಿಯಡಿ ಮುತ್ತಾತನ ಹೆಸರು ಒಂದೊಂದೇ ಅಕ್ಷರವಾಗಿ ಮೂಡುವಾಗ ಮನೆಯವರ ಮುಖ ನೋಡಬೇಕು.

ಪೇಟೆಯಲ್ಲಿ ನಕಲಿಗೇನೂ ಬರವಿಲ್ಲ. ನಾಟಕಕ್ಕೆ ಹೊಲಿಸಿದ ಕೋಟುಗಳೂ ಎಷ್ಟೋ ಬಾರಿ ಸೇನೆಯವೆಂದು ಬಿಕರಿಯಾಗುತ್ತವೆ. ನೋಟು ಪರೀಕ್ಷಿಸುವ ನೇರಳೆ ದೀಪ ಹಿಡಿಯಿರಿ. ಹೊಲಿಗೆಯ ದಾರ ಬೆಳ್ಳಗೆ ಹೊಳೆದರೆ ಅನುಮಾನಿಸಿ. ಈಚಿನ ದಾರಕ್ಕೂ ಸೋಪಿಗೂ ಬೆರೆಸುವ ಹೊಳಪು ಅದು. ಒಳಗಿನಿಂದ ಉದುರಿದ ಒಂದೇ ಎಳೆಯನ್ನು ಸುಟ್ಟು ನೋಡಬಹುದು: ಉಣ್ಣೆ ಕೂದಲಿನ ವಾಸನೆ ಬೀರಿ ಪುಡಿಯಾಗುತ್ತದೆ, ಹತ್ತಿ ಕಾಗದದಂತೆ ಉರಿಯುತ್ತದೆ, ಪಾಲಿಯೆಸ್ಟರ್ ಕರಗಿ ಗಟ್ಟಿ ಮಣಿಯಾಗುತ್ತದೆ. 1942ರ ಕೋಟಿನಲ್ಲಿ ಆ ಮಣಿಗೆ ಎಡೆಯಿಲ್ಲ.

ಕಾನೂನನ್ನೂ ತಿಳಿದಿರಬೇಕು. 1972ರ ಪ್ರಾಚ್ಯವಸ್ತು ಕಾಯ್ದೆಯ ಪ್ರಕಾರ ನೂರು ವರ್ಷ ದಾಟಿದ ಐತಿಹಾಸಿಕ ವಸ್ತುವನ್ನು ಖಾಸಗಿಯವರು ದೇಶದಾಚೆ ಕಳಿಸುವಂತಿಲ್ಲ. ಮೊದಲ ಯುದ್ಧದ ಕೋಟು ಈಗ ಆ ಸಾಲಿಗೆ ಸೇರಿದೆ. ಇಡುವ ಬಗೆ ಸುಲಭ. ಮಡಿಕೆಯ ನಡುವೆ ಹಳೆಯ ಬಿಳಿ ಪಂಚೆ ಸುರುಳಿ ಸುತ್ತಿಡಿ, ವರ್ಷಕ್ಕೊಮ್ಮೆ ನೆರಳಲ್ಲಿ ಗಾಳಿಗೆ ಹರಡಿ ಹುಳು ನೋಡಿ. ಯಾರ ಮನೆ, ಯಾವ ಊರು, ಅಜ್ಜಿ ಏನು ಹೇಳಿದರು ಎಂಬುದನ್ನು ಪೆನ್ಸಿಲ್ಲಿನಲ್ಲಿ ಚೀಟಿ ಬರೆದು ನೂಲಿನಿಂದ ಕಟ್ಟಿ. ಗುಂಡುಪಿನ್ನು ಬೇಡ, ತುಕ್ಕು ಹಿಡಿಯುತ್ತದೆ.

ಮಿಡಿಗೇಶಿ ಕಡೆಯ ಮನೆಯೊಂದರಲ್ಲಿ ನಾನು ನೋಡಿದ ಸರ್ಜ್ ಕೋಟಿನ ಜೇಬಿನ ಮೂಲೆಯಲ್ಲಿ ರಾಗಿಯ ಹೊಟ್ಟು ಸಿಕ್ಕಿತು. ಯುದ್ಧ ಮುಗಿಸಿ ಬಂದ ಕೋಟು ಎಷ್ಟೋ ಚಳಿಗಾಲ ಕಣ ಕಾದಿತ್ತು. ಮನೆಯ ಹುಡುಗ ಕೊಡವಲು ಹೊರಟವನು ನಿಂತ. ಹೊಟ್ಟನ್ನು ಅಲ್ಲೇ ಬಿಟ್ಟು, ಚೀಟಿಯಲ್ಲಿ ಅದನ್ನೂ ಒಂದು ಸಾಲು ಬರೆದೆವು.