ತೋಳಿನೊಳಗಣ ಹಾದಿಗಳು

ನಮ್ಮ ಮನೆಗಳಲ್ಲಿ ‘ನರ’ ಎಂಬ ಒಂದು ಮಾತು ಹತ್ತು ಮಾತುಗಳ ಕೆಲಸವನ್ನು ಮಾಡುತ್ತದೆ. ಮುಂಗೈಯ ಮೇಲೆ ನೀಲಿಯಾಗಿ ಉಬ್ಬಿ ಕಾಣುವುದೂ ನರವೇ; ಮುಷ್ಟಿ ಬಿಗಿದಾಗ ಮಣಿಕಟ್ಟಿನಲ್ಲಿ ಹಗ್ಗದಂತೆ ಎದ್ದು ನಿಲ್ಲುವುದೂ ನರವೇ; ಮೊಣಕೈ ಬಾಗಿಲ ಚೌಕಟ್ಟಿಗೆ ತಾಗಿ ಕಿರುಬೆರಳಿನ ತನಕ ಜುಮ್ಮೆಂದರೆ ಅದೂ ನರವೇ. ಕೊಡವನ್ನೆತ್ತಿ ಭುಜ ನೊಂದರೆ ‘ನರ ಹಿಡಿಯಿತು’ ಎನ್ನುತ್ತೇವೆ. ಶರೀರಶಾಸ್ತ್ರದ ದೃಷ್ಟಿಯಲ್ಲಿಯಾದರೋ ಇವು ಬೇರೆ ಬೇರೆ ಪದಾರ್ಥಗಳು. ಮೊದಲನೆಯದು ರಕ್ತವನ್ನು ಹೃದಯಕ್ಕೆ ಹಿಂದಿರುಗಿಸುವ ಸಿರೆ. ಎರಡನೆಯದು ಮಾಂಸಖಂಡವನ್ನು ಎಲುಬಿಗೆ ಬಿಗಿಯುವ ಕಂಡರ. ಮೂರನೆಯದೇ ನಿಜವಾದ ನರ, ಎಂದರೆ ಹಿಂದಿನ ತಲೆಮಾರಿನ ಲೇಖಕರು ಜ್ಞಾನತಂತುವೆಂದು ಕರೆಯುತ್ತಿದ್ದ, ಮೆದುಳಿಗೂ ಅವಯವಕ್ಕೂ ನಡುವೆ ಸುದ್ದಿಯನ್ನು ಸಾಗಿಸುವ ತಂತು. ಆಡುಮಾತಿನಲ್ಲಿ ಇವೆಲ್ಲ ಒಂದಾಗಿದ್ದರೆ ಹಾನಿಯೇನೂ ಇಲ್ಲ. ಆದರೆ ಮನೆಯ ಮಗು ಸೀಬೆಯ ಮರದಿಂದ ಬಿದ್ದು ತೋಳು ಮುರಿದುಕೊಂಡ ದಿನ, ರಕ್ತದ ಹಾದಿ ಯಾವುದು, ಸುದ್ದಿಯ ಹಾದಿ ಯಾವುದು ಎಂಬುದನ್ನು ಅಷ್ಟಿಷ್ಟು ಬಲ್ಲವರು ಹತ್ತಿರವಿದ್ದರೆ ಆ ಕೈ ಉಳಿದೀತು.

ತೋಳು ದೇಹಕ್ಕೆ ಸೇರಿಕೊಂಡಿರುವ ಬಗೆಯನ್ನು ಮೊದಲು ನೋಡೋಣ. ತೊಡೆಯೆಲುಬಿನ ತಲೆ ಸೊಂಟದ ಆಳವಾದ ಬಟ್ಟಲಿನಲ್ಲಿ ಭದ್ರವಾಗಿ ಕುಳಿತಿರುತ್ತದೆ. ತೋಳಿನ ಎಲುಬಿಗೆ ಆ ಭಾಗ್ಯವಿಲ್ಲ. ಹೆಗಲ ಹಲಗೆಯ ಅಂಚಿನಲ್ಲಿರುವ ಗುಳಿ ಬಹಳ ಚಿಕ್ಕದು, ಆಳವಿಲ್ಲದ್ದು. ಅದರ ಮೇಲೆ ಎಲುಬಿನ ದುಂಡುತಲೆ ನಿಂತಿರುವುದು ಸಣ್ಣ ಚಮಚದ ಮೇಲೆ ದೊಡ್ಡ ನಿಂಬೆಹಣ್ಣನ್ನು ಇಟ್ಟಂತೆಯೇ ಸರಿ. ಆ ಹಲಗೆಯಾದರೂ ಪಕ್ಕೆಲುಬುಗಳಿಗೆ ಕೀಲಿನಿಂದ ಸೇರಿಲ್ಲ. ಮಾಂಸದ ಹಾಸಿನ ಮೇಲೆ ಅತ್ತಿತ್ತ ಜಾರುತ್ತಿರುತ್ತದೆ. ಇಡೀ ತೋಳನ್ನು ಎದೆಗೂಡಿಗೆ ಎಲುಬಿನಿಂದ ಎಲುಬಿಗೆ ಸೇರಿಸುವುದು ಕೊರಳ ಬುಡದಲ್ಲಿರುವ ಬೆರಳ ಗಾತ್ರದ ಜತ್ರು ಒಂದೇ. ಮಿಕ್ಕ ಬಿಗಿಯೆಲ್ಲವೂ ಮಾಂಸಖಂಡಗಳದು. ಹಲಗೆಯಿಂದ ಹೊರಟ ನಾಲ್ಕು ಮಾಂಸಖಂಡಗಳು ತಮ್ಮ ಕಂಡರಗಳಿಂದ ಎಲುಬಿನ ತಲೆಯನ್ನು ಮುಂದೆಯೂ ಮೇಲೆಯೂ ಹಿಂದೆಯೂ ಹಿಡಿದಿರುತ್ತವೆ. ಕೆಳಗಡೆ ಹಿಡಿಯುವವರಿಲ್ಲ. ಆದುದರಿಂದಲೇ ಭುಜ ಕೀಲು ತಪ್ಪಿದಾಗ ಎಲುಬು ಸಾಮಾನ್ಯವಾಗಿ ಮುಂದಕ್ಕೂ ಕೆಳಕ್ಕೂ ಜಾರುತ್ತದೆ.

ಇಷ್ಟು ಸಡಿಲವಾದ ಕೀಲಿನಿಂದ ನಮಗೆ ದೊರೆತ ಲಾಭವೂ ಅಷ್ಟೇ ದೊಡ್ಡದು. ಅಟ್ಟದ ಮೇಲಿನ ಡಬ್ಬಿಯನ್ನು ತೆಗೆಯುವ ಕೈಯೇ ಬೆನ್ನ ಹಿಂದಿನ ಗುಂಡಿಯನ್ನೂ ಹಾಕಬಲ್ಲದು. ದೇಹದ ಬೇರಾವ ಕೀಲಿಗೂ ಇಂತಹ ಸ್ವಾತಂತ್ರ್ಯವಿಲ್ಲ. ಭುಜದ ದುಂಡುತನಕ್ಕೆ ಕಾರಣವಾದ ಮುಮ್ಮೂಲೆಯ ಮಾಂಸಖಂಡಕ್ಕೆ ಗ್ರೀಕರ ಡೆಲ್ಟಾ ಎಂಬ ಅಕ್ಷರದಿಂದ ಡೆಲ್ಟಾಯ್ಡ್ ಎಂಬ ಹೆಸರು ಬಂದಿದೆ. 2021ರಲ್ಲಿ ನಮ್ಮ ದೇಶದ ಕೋಟ್ಯಂತರ ಜನರು ಕೋವಿಡ್ ಲಸಿಕೆಯ ಸೂಜಿಯನ್ನು ಚುಚ್ಚಿಸಿಕೊಂಡದ್ದು ಇದಕ್ಕೇ. ಬಾವಿಯಿಂದ ನೀರು ಸೇದುವಾಗ ತೋಳೇ ದುಡಿಯುತ್ತದೆಂದು ನಾವು ತಿಳಿಯುತ್ತೇವೆ. ವಾಸ್ತವವಾಗಿ ಆಗ ಬಲವಾಗಿ ಎಳೆಯುವುದು ಸೊಂಟದಿಂದ ಹೊರಟು ಬೆನ್ನನ್ನೆಲ್ಲ ಹಬ್ಬಿ ಕಂಕುಳಿನ ಹಿಂದಿನಿಂದ ತೋಳಿನ ಎಲುಬನ್ನು ಸೇರುವ ಅಗಲವಾದ ಮಾಂಸಖಂಡ. ಹುಡುಗರು ಮಡಿಸಿ ತೋರಿಸಿ ಹೆಮ್ಮೆಪಡುವ ತೋಳಿನ ಗುಡ್ಡೆಗೂ ಅರ್ಧ ಕೀರ್ತಿ ಮಾತ್ರ ಸಲ್ಲಬೇಕು: ಮೊಣಕೈ ಮಡಿಸುವ ಕೆಲಸವನ್ನು ಅದರ ಅಡಿಯಲ್ಲಿ ಅವಿತಿರುವ ಇನ್ನೊಂದು ಮಾಂಸಖಂಡ ಮೌನವಾಗಿ ಮಾಡುತ್ತಿರುತ್ತದೆ. ಬೆರಳುಗಳ ವಿಷಯ ಇನ್ನೂ ವಿಚಿತ್ರ. ಬೆರಳಿನ ಒಳಗೆ ಅದನ್ನು ಮಡಿಸುವ ಮಾಂಸಖಂಡವೇ ಇಲ್ಲ. ಬಟ್ಟೆ ಹಿಂಡುವ ಬಲವೆಲ್ಲ ಮೊಣಕೈಗೂ ಮಣಿಕಟ್ಟಿಗೂ ನಡುವೆ ಇದೆ. ಸೂತ್ರದ ಬೊಂಬೆಯನ್ನು ಆಡಿಸುವಂತೆ ಅಲ್ಲಿಂದ ಕಂಡರಗಳು ಬೆರಳುಗಳನ್ನು ಎಳೆಯುತ್ತವೆ. ಈ ಮಾತನ್ನು ವಾಚಕರು ನೆನಪಿನಲ್ಲಿಡಬೇಕು, ಮುಂದೆ ಬೇಕಾಗುತ್ತದೆ.

ಇಷ್ಟು ಮಾಂಸಕ್ಕೂ ಅನ್ನವನ್ನು ತರುವುದು ಒಂದೇ ಧಮನಿ. ಒಂದೇ ಹೊಳೆ ಊರೂರಿಗೆ ಬೇರೆ ಹೆಸರನ್ನು ತಳೆಯುವಂತೆ, ಜತ್ರುವಿನ ಕೆಳಗೆ, ಕಂಕುಳಿನಲ್ಲಿ, ತೋಳಿನ ಒಳಮಗ್ಗುಲಲ್ಲಿ ಅದಕ್ಕೆ ಬೇರೆ ಬೇರೆ ಹೆಸರುಗಳುಂಟು. ಮೊಣಕೈಯ ಮುಂಭಾಗದಲ್ಲಿ ಅದು ಎರಡಾಗಿ ಒಡೆಯುತ್ತದೆ. ಹೆಬ್ಬೆರಳಿನ ಕಡೆಗೆ ಇಳಿಯುವ ಕವಲನ್ನೇ ವೈದ್ಯರು ಮಣಿಕಟ್ಟಿನಲ್ಲಿ ಮುಟ್ಟಿ ನಾಡಿ ನೋಡುತ್ತಾರೆ.

ರಕ್ತವು ದೇಹದಲ್ಲಿ ಸುತ್ತುತ್ತಿರುತ್ತದೆಂಬ ಸಂಗತಿಯನ್ನು ಲೋಕಕ್ಕೆ ಸ್ಥಾಪಿಸಿ ಕೊಟ್ಟ ಸಾಕ್ಷಿಗಳಲ್ಲಿ ಈ ತೋಳೂ ಒಂದು. ಇಂಗ್ಲೆಂಡಿನ ವೈದ್ಯ ವಿಲಿಯಂ ಹಾರ್ವೆ 1628ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ವಿವರಿಸಿದ ಪ್ರಯೋಗ ಬಹು ಸರಳವಾದುದು. ತೋಳಿಗೆ ಅತಿ ಬಿಗಿಯಾಗಿ ಪಟ್ಟಿಯನ್ನು ಕಟ್ಟಿದರೆ ಮಣಿಕಟ್ಟಿನ ನಾಡಿ ನಿಂತುಹೋಗುತ್ತದೆ, ಕೈ ತಣ್ಣಗಾಗುತ್ತದೆ. ಪಟ್ಟಿಯನ್ನು ತುಸು ಸಡಿಲಿಸಿದರೆ ಕೈ ಕೆಂಪೇರಿ ಬೆಚ್ಚಗಾಗುತ್ತದೆ. ಆದರೆ ಸಿರೆಗಳು ಉಬ್ಬಿ, ಕೈ ಊದಿಕೊಳ್ಳತೊಡಗುತ್ತದೆ. ಏಕೆಂದರೆ ಆಳದಲ್ಲಿರುವ ಧಮನಿಯ ಮೂಲಕ ರಕ್ತ ಒಳಕ್ಕೆ ಬರುತ್ತದೆ. ಚರ್ಮದ ಬಳಿಯ ಸಿರೆಗಳು ಮುಚ್ಚಿರುವುದರಿಂದ ಹೊರಕ್ಕೆ ಹೋಗಲು ದಾರಿಯಿಲ್ಲ. ಇಟಲಿಯ ರೀವಾ-ರೋಚಿ 1896ರಲ್ಲಿ ರೂಪಿಸಿದ ತೋಳುಪಟ್ಟಿಯೂ, ರಷ್ಯದ ಕೊರೊಟ್ಕೊವ್ 1905ರಲ್ಲಿ ಅದರ ಕೆಳಗೆ ಕಿವಿಗೊಟ್ಟು ಕೇಳಿದ ಶಬ್ದವೂ ಸೇರಿ ರಕ್ತದ ಒತ್ತಡವನ್ನು ಅಳೆಯುವ ಕ್ರಮವಾಯಿತು. ಒತ್ತಡವನ್ನು ನೋಡಿಸಿಕೊಳ್ಳುವಾಗಲೆಲ್ಲ ನಮ್ಮ ತೋಳಿನ ಮೇಲೆ ನಡೆಯುವುದು ಹಾರ್ವೆಯ ಆ ಪ್ರಯೋಗವೇ.

ಇನ್ನು ನಿಜವಾದ ನರಗಳ ಮಾತು. ಕತ್ತಿನ ಬುಡದಲ್ಲಿ ಬೆನ್ನುಹುರಿಯಿಂದ ಐದು ಬೇರುಗಳು ಹೊರಟು, ಜಡೆ ಹೆಣೆದಂತೆ ಸೇರಿ, ಅಗಲಿ, ಮತ್ತೆ ಸೇರಿ, ಜತ್ರುವಿನ ಹಿಂದಿನಿಂದ ಕಂಕುಳಿಗೆ ಇಳಿದು, ಅಲ್ಲಿ ಧಮನಿಯನ್ನು ಸುತ್ತುವರಿದು ಐದು ಮುಖ್ಯ ನರಗಳಾಗಿ ಹಂಚಿಹೋಗುತ್ತವೆ. ವೈದ್ಯವಿದ್ಯಾರ್ಥಿಗಳು ಈ ಜಡೆಯ ಚಿತ್ರವನ್ನು ಬರೆದು ಬರೆದು ಬೇಸತ್ತಿರುತ್ತಾರೆ. ನಾವು ಆ ಗೋಜಿಗೆ ಹೋಗಬೇಕಾಗಿಲ್ಲ. ಗೃಹಸ್ಥರು ತಿಳಿಯತಕ್ಕದ್ದು, ನರವು ಎಲ್ಲೆಲ್ಲಿ ಎಲುಬಿಗೆ ಒತ್ತಿಕೊಂಡು ರಕ್ಷಣೆಯಿಲ್ಲದೆ ಸಾಗುತ್ತದೆಂಬುದನ್ನು. ಹೆರಿಗೆಯಲ್ಲಿ ಮಗುವಿನ ಹೆಗಲು ಸಿಕ್ಕಿಕೊಂಡು ಕತ್ತು ಒಂದು ಪಕ್ಕಕ್ಕೆ ಎಳೆಯಲ್ಪಟ್ಟರೆ ಜಡೆಯ ಮೇಲಿನ ಬೇರುಗಳು ನೋಯುತ್ತವೆ. ತೋಳು ಒಳಕ್ಕೆ ತಿರುಗಿ ಜೋತುಬೀಳುತ್ತದೆ. ಜರ್ಮನಿಯ ಎರ್ಬ್ 1874ರಲ್ಲಿ ವಿವರಿಸಿದ ಈ ಪೀಡೆ ಬಹುಮಂದಿ ಶಿಶುಗಳಲ್ಲಿ ಕ್ರಮೇಣ ಗುಣವಾಗುತ್ತದೆ. ಆದರೆ ವೈದ್ಯರ ಕಣ್ಣಳವಿನಲ್ಲಿರಬೇಕು. ತೋಳಿನ ಹಿಂಭಾಗದಲ್ಲಿ ಇನ್ನೊಂದು ನರ ಎಲುಬನ್ನು ಬಳ್ಳಿಯಂತೆ ಸುತ್ತಿಕೊಂಡು ಇಳಿಯುತ್ತದೆ. ಕುರ್ಚಿಯ ಬೆನ್ನಿನ ಮೇಲೆ ತೋಳನ್ನು ಚಾಚಿ ಗಾಢನಿದ್ರೆ ಮಾಡಿದವನು ಬೆಳಗ್ಗೆ ಎದ್ದು, ಮಣಿಕಟ್ಟು ಬಾಡಿದ ಹೂವಿನಂತೆ ಬಗ್ಗಿರುವುದನ್ನು ಕಂಡು ಲಕ್ವ ಹೊಡೆಯಿತೆಂದು ಗಾಬರಿಯಾಗುವುದುಂಟು. ಊರುಗೋಲನ್ನು ಕಂಕುಳಿಗೆ ಒತ್ತಿ ನಡೆಯುವವರಿಗೂ ಹೀಗಾಗಬಹುದು. ಭಾರವನ್ನು ಅಂಗೈಯ ಮೇಲೆ ಹೊರಬೇಕು.

ಮೊಣಕೈಯ ಒಳಗೆಣ್ಣಿನ ಹಿಂದೆ, ಬರಿಯ ಚರ್ಮದ ಅಡಿಯಲ್ಲಿ ಹಾದುಹೋಗುವ ನರವೇ ಬಾಗಿಲಿಗೆ ತಾಗಿದಾಗ ಜುಮ್ಮೆನ್ನುವುದು. ಇದು ನಮ್ಮ ದೇಶದಲ್ಲಿ ಬಹಳ ಕಣ್ಣೀರನ್ನು ಕಂಡ ನರ. ಕುಷ್ಠರೋಗದ ಜೀವಾಣು ದೇಹದ ತಂಪಾದ ಎಡೆಗಳನ್ನು ಅರಸುವುದರಿಂದ ಮೊಣಕೈಯ ಬಳಿ ಈ ನರ ದಪ್ಪವಾಗಿ ಕೈಗೆ ಸಿಕ್ಕುತ್ತದೆ. ಕಿರುಬೆರಳೂ ಉಂಗುರಬೆರಳೂ ಮರಗಟ್ಟಿ ಕೊಕ್ಕೆಯಂತೆ ಬಾಗುತ್ತವೆ. ರೋಗದಿಂದ ಬೆರಳು ಕೊಳೆತು ಉದುರುತ್ತದೆಂದು ಜನ ಬಹುಕಾಲ ನಂಬಿದ್ದರು. ವೆಲ್ಲೂರಿನ ಕ್ರೈಸ್ತ ವೈದ್ಯಕೀಯ ಕಾಲೇಜಿನಲ್ಲಿ 1940ರ ದಶಕದ ಕೊನೆಯಿಂದ ಇಂತಹ ಕೈಗಳ ಶಸ್ತ್ರಚಿಕಿತ್ಸೆಗೆ ತೊಡಗಿದ ಡಾಕ್ಟರ್ ಪಾಲ್ ಬ್ರಾಂಡ್ ಅವರು, ನೋವನ್ನು ಅರಿಯದ ಬೆರಳು ಒಲೆಯ ಬಿಸಿಗೂ ಕತ್ತಿಯ ಅಲಗಿಗೂ ಸಿಕ್ಕಿ, ಗಾಯದ ಮೇಲೆ ಗಾಯವಾಗಿ ಸವೆಯುತ್ತದೆಂದು ತೋರಿಸಿಕೊಟ್ಟರು. ಇಂದು ಔಷಧಿಗಳಿಂದ ರೋಗ ಪೂರ್ಣವಾಗಿ ವಾಸಿಯಾಗುತ್ತದೆ. ಸರಕಾರದ ಆಸ್ಪತ್ರೆಗಳಲ್ಲಿ ಅವು ಉಚಿತ. ಕಿರುಬೆರಳು ಕಾರಣವಿಲ್ಲದೆ ಮರಗಟ್ಟಿದರೆ ಮುಚ್ಚಿಡದೆ ತೋರಿಸಬೇಕು.

ಸುಶ್ರುತಸಂಹಿತೆ ಎಣಿಸುವ 107 ಮರ್ಮಗಳಲ್ಲಿ ಒಂದೊಂದು ತೋಳಿಗೂ 11 ಸಲ್ಲುತ್ತವೆ. ಮಣಿಬಂಧ, ಕೂರ್ಪರ, ಕಕ್ಷಧರ ಮುಂತಾದವು ಅವುಗಳ ಹೆಸರುಗಳು. ಕೂರ್ಪರವೆಂದರೆ ಮೊಣಕೈ, ಅಲ್ಲಿ ಪೆಟ್ಟಾದರೆ ಮನುಷ್ಯನು ‘ಕುಣಿ’, ಎಂದರೆ ಸೊಟ್ಟಗೈಯವನು, ಆಗುತ್ತಾನೆಂದು ಆ ಗ್ರಂಥ ಹೇಳುತ್ತದೆ. ನರ, ಧಮನಿಗಳ ಇಂದಿನ ವಿಂಗಡಣೆ ಅದರಲ್ಲಿಲ್ಲ. ಆದರೆ ಕಂಡದ್ದನ್ನು ಕಂಡಂತೆ ಬರೆದಿದ್ದಾರೆ.

ಆ ಸೊಟ್ಟಗೈ ಹೇಗಾಗುತ್ತದೆಂಬುದನ್ನು 1881ರಲ್ಲಿ ವಿವರಿಸಿದವರು ಜರ್ಮನಿಯ ಹಾಲೆ ನಗರದ ಶಸ್ತ್ರವೈದ್ಯ ಫೋಲ್ಕ್‌ಮನ್. ಕೈ ಊರಿ ಬಿದ್ದ ಮಗುವಿಗೆ ಮೊಣಕೈಯ ಸ್ವಲ್ಪ ಮೇಲೆ ಎಲುಬು ಮುರಿಯುವುದು ಸಾಮಾನ್ಯ. ಆ ಮುರಿದ ತುದಿಯ ಎದುರಿನಲ್ಲಿಯೇ ಧಮನಿ ಹಾದುಹೋಗುತ್ತದೆ. ಪೆಟ್ಟಿನಿಂದ ಮುಂಗೈಯ ಮಾಂಸಖಂಡಗಳು ಊದಿಕೊಳ್ಳುತ್ತವೆ. ಅವುಗಳನ್ನು ಸುತ್ತಿರುವ ಪೊರೆ ಹಿಗ್ಗುವಂತಹುದಲ್ಲ. ಹೊರಗಿನಿಂದ ಬಿಗಿಯಾದ ಕಟ್ಟೂ ಸೇರಿದರೆ ಕೇಳಬೇಕಾದುದೇ ಇಲ್ಲ: ಒಳಗಿನ ಒತ್ತಡವೇರಿ ಸಣ್ಣ ರಕ್ತನಾಳಗಳೆಲ್ಲ ಮುಚ್ಚಿಹೋಗುತ್ತವೆ. ಸುಮಾರು ಆರು ಗಂಟೆಗಳ ಕಾಲ ರಕ್ತವಿಲ್ಲದಿದ್ದರೆ ಮಾಂಸಖಂಡ ಸಾಯತೊಡಗುತ್ತದೆ. ಸತ್ತ ಮಾಂಸ ನಾರಾಗಿ, ನಾರು ಕುಗ್ಗಿ, ಕಂಡರಗಳನ್ನು ಎಳೆಯುತ್ತದೆ. ಬೆರಳನ್ನು ಮಡಿಸುವ ಬಲವೆಲ್ಲ ಮುಂಗೈಯಲ್ಲಿದೆಯೆಂದು ಹೇಳಿದೆನಷ್ಟೆ. ಆದುದರಿಂದ ಮೊಣಕೈ ಕೂಡಿಕೊಂಡರೂ ಬೆರಳುಗಳು ಹದ್ದಿನ ಉಗುರಿನಂತೆ ಮಡಿಸಿಯೇ ಉಳಿಯುತ್ತವೆ.

ಬಿದಿರಿನ ದಬ್ಬೆಯನ್ನಿಟ್ಟು ಎಲುಬು ಕಟ್ಟುವ ನಾಟಿವೈದ್ಯರಲ್ಲಿ ಕೈಗುಣವುಳ್ಳವರು ಇಲ್ಲವೆಂದು ಹೇಳಲಾರೆ. ಆದರೆ ಮಗುವಿನ ಮೊಣಕೈ ಅವರ ಬಳಿಗೆ ಹೋಗತಕ್ಕದ್ದಲ್ಲ. ಆಸ್ಪತ್ರೆಯ ಪ್ಲಾಸ್ಟರೂ ಊತವೇರಿದಾಗ ಇದೇ ಕೇಡನ್ನು ಮಾಡಬಲ್ಲದು. ಬಿದ್ದ ಕೂಡಲೆ ಬಳೆ, ಉಂಗುರ, ಮಣಿಕಟ್ಟಿನ ದಾರಗಳನ್ನು ತೆಗೆದುಬಿಡಬೇಕು. ಎಣ್ಣೆ ಹಚ್ಚಿ ತಿಕ್ಕಬಾರದು, ಎಳೆದು ನೇರಮಾಡಬಾರದು. ತೋಳು ಇದ್ದ ಭಂಗಿಯಲ್ಲಿಯೇ ಅದಕ್ಕೆ ಆಸರೆ ಕೊಟ್ಟು ಆಸ್ಪತ್ರೆಗೆ ಒಯ್ಯಬೇಕು. ಕಟ್ಟು ಹಾಕಿದ ಮೇಲೆ ಮೊದಲ ಎರಡು ರಾತ್ರಿ ಮನೆಯವರೊಬ್ಬರು ಬೆರಳ ತುದಿಗಳನ್ನು ನೋಡುತ್ತಿರಬೇಕು. ಉಗುರನ್ನು ಒತ್ತಿ ಬಿಟ್ಟರೆ ಕೆಂಪು ಕೂಡಲೆ ಮರಳಬೇಕು. ನೋವಿನ ಔಷಧ ಕೊಟ್ಟರೂ ಅಳು ಹೆಚ್ಚುತ್ತ ಹೋದರೆ, ಮಡಿಸಿದ ಬೆರಳನ್ನು ಮೆಲ್ಲನೆ ಬಿಡಿಸಿದರೆ ಮಗು ಚೀರಿದರೆ, ಬೆರಳು ಬಿಳುಪೇರಿ ಮರಗಟ್ಟಿದರೆ, ಬೆಳಗಾಗಲೆಂದು ಕಾಯದೆ ಹೊರಡಬೇಕು. ನಾಡಿ ಸಿಕ್ಕುತ್ತಿದೆಯೆಂದು ಸಮಾಧಾನಪಡುವುದು ತಪ್ಪು. ದೊಡ್ಡ ಧಮನಿ ಹರಿಯುತ್ತಿದ್ದರೂ ಸಣ್ಣ ನಾಳಗಳು ಮುಚ್ಚಿರಬಹುದು. ಕಟ್ಟು ಬಿಚ್ಚಿದರೆ ಎಲುಬು ಜಾರೀತೆಂದು ಹಿರಿಯರು ಅಂಜುತ್ತಾರೆ. ಜಾರಿದ ಎಲುಬನ್ನು ಮತ್ತೆ ಕೂಡಿಸಬಹುದು.

ವೈದ್ಯರು ಮೊದಲು ಕಟ್ಟನ್ನು ಚರ್ಮದ ತನಕ ಕತ್ತರಿಸಿ ಸಡಿಲಿಸುತ್ತಾರೆ. ಅದರಿಂದಲೂ ನೋವು ಇಳಿಯದಿದ್ದರೆ ಮುಂಗೈಯ ಉದ್ದಕ್ಕೂ ಪೊರೆಯನ್ನು ಸೀಳಿ ಮಾಂಸಖಂಡಗಳಿಗೆ ಉಸಿರಾಡಲು ಎಡೆಮಾಡಿಕೊಡುತ್ತಾರೆ. ಆ ಗಾಯವನ್ನು ಕೂಡಲೆ ಹೊಲಿಯುವುದಿಲ್ಲ. ನೋಡಿದ ತಾಯಿತಂದೆಗಳಿಗೆ ಎದೆ ಝಲ್ಲೆನ್ನುವುದು ಸಹಜ. ಊತವಿಳಿದ ಬಳಿಕ, ಕೆಲವು ದಿನಗಳಲ್ಲಿ, ಅದನ್ನು ಮುಚ್ಚುತ್ತಾರೆ.