ಕಾರ್ತಿಕದ ಹಾದಿಯಲ್ಲಿ ಉತ್ತರದ ನಗರಗಳು

ಉತ್ತರ ಭಾರತದ ಹಳೆಯ ನಗರಗಳಲ್ಲಿ ಕೋಟೆ, ಅರಮನೆ, ಗೋರಿಗಳು ವರ್ಷವಿಡೀ ನೋಡಲು ಸಿಗುತ್ತವೆ. ಆ ಊರುಗಳ ಜೀವ ಕಾಣಬೇಕಾದರೆ ಹಬ್ಬದ ದಿನಗಳಲ್ಲೇ ಹೋಗಬೇಕು. ದೆಹಲಿ, ಆಗ್ರಾ, ಜೈಪುರ, ಪುಷ್ಕರ, ಕಾಶಿಗಳ ಪ್ರವಾಸಕ್ಕೆ ಹೊರಡುವವರು ನಕಾಶೆಗಿಂತ ಮೊದಲು ಪಂಚಾಂಗ ತೆರೆಯುವುದು ಒಳ್ಳೆಯದು. ಮಳೆ ನಿಂತು ಚಳಿ ಇನ್ನೂ ಬಲಿಯದ, ದಸರೆಯಿಂದ ಕಾರ್ತಿಕ ಹುಣ್ಣಿಮೆಯವರೆಗಿನ ಐದು ವಾರ ಇದಕ್ಕೆ ಎಲ್ಲ ರೀತಿಯಿಂದಲೂ ಅನುಕೂಲದ ಕಾಲ.

ಪಂಚಾಂಗ ನೋಡುವಾಗ ಕನ್ನಡಿಗರು ಒಂದು ವಿಷಯವನ್ನು ನೆನಪಿನಲ್ಲಿಡಬೇಕು. ಕರ್ನಾಟಕದಲ್ಲಿ ಚಾಂದ್ರಮಾಸ ಅಮಾವಾಸ್ಯೆಗೆ ಮುಗಿಯುತ್ತದೆ, ಉತ್ತರದಲ್ಲಿ ಹುಣ್ಣಿಮೆಗೆ. ಶುಕ್ಲಪಕ್ಷದಲ್ಲಿ ಎರಡೂ ಕಡೆ ತಿಂಗಳ ಹೆಸರು ಒಂದೇ ಇರುತ್ತದೆ. ಕೃಷ್ಣಪಕ್ಷ ಬಂತೆಂದರೆ ಉತ್ತರದವರ ತಿಂಗಳು ಮುಂದಿನದಾಗಿಬಿಡುತ್ತದೆ. ಇಲ್ಲಿ ಆಶ್ವಯುಜದ ಅಮಾವಾಸ್ಯೆಗೆ ಬರುವ ದೀಪಾವಳಿ ಅಲ್ಲಿ ಕಾರ್ತಿಕದ ಹಬ್ಬ. ಇಲ್ಲಿನ ಮಾಘದ ಶಿವರಾತ್ರಿ ಅಲ್ಲಿ ಫಾಲ್ಗುಣದ್ದು. ಹಬ್ಬದ ದಿನವೇನೂ ಬದಲಾಗುವುದಿಲ್ಲ. ಆದರೆ ಕಾಶಿಯವರು ಕಾರ್ತಿಕ ಸ್ನಾನ ಶುರುಮಾಡುವುದು ಇಲ್ಲಿನವರಿಗಿಂತ ಹದಿನೈದು ದಿನ ಮೊದಲು, ಆಶ್ವಯುಜದ ಹುಣ್ಣಿಮೆ ಕಳೆದ ಕೂಡಲೇ.

ಪ್ರವಾಸ ಸಾಮಾನ್ಯವಾಗಿ ಆರಂಭವಾಗುವುದು ದೆಹಲಿಯಿಂದ. ಷಹಜಹಾನ್ 1639ರಲ್ಲಿ ಕಟ್ಟಲು ತೊಡಗಿದ ಷಹಜಹಾನಾಬಾದ್ ಇಂದಿನ ಹಳೆ ದೆಹಲಿ. ಕೆಂಪುಕೋಟೆ, ಜಾಮಾ ಮಸೀದಿ, ಚಾಂದನಿ ಚೌಕಗಳೆಲ್ಲ ಆ ಊರಿಗೆ ಸೇರಿದವು. ಅದಕ್ಕಿಂತ ನಾನೂರು ವರ್ಷ ಹಳೆಯದು ದಕ್ಷಿಣದ ಮೆಹ್ರೌಲಿ. ಅಲ್ಲಿ 72.5 ಮೀಟರ್ ಎತ್ತರದ ಕುತುಬ್ ಮಿನಾರ್ ಇದೆ, ಗುಪ್ತರ ಕಾಲದ ತುಕ್ಕು ಹಿಡಿಯದ ಕಬ್ಬಿಣದ ಕಂಬವಿದೆ. ಮಿನಾರ್ ನೋಡಿ ಹಿಂದಿರುಗುವ ಹೆಚ್ಚಿನವರು ಮೆಹ್ರೌಲಿಯ ಹೂವಿನ ಹಬ್ಬದ ಬಗ್ಗೆ ಕೇಳಿರುವುದಿಲ್ಲ. ಎರಡನೆಯ ಅಕ್ಬರ್ ಷಾನ ಮಗ ಮಿರ್ಜಾ ಜಹಾಂಗೀರನನ್ನು ಬ್ರಿಟಿಷರು ಅಲಹಾಬಾದಿಗೆ ಗಡೀಪಾರು ಮಾಡಿದಾಗ, ಮಗ ಮರಳಿದರೆ ಸೂಫಿ ಸಂತ ಬಖ್ತಿಯಾರ್ ಕಾಕಿಯ ದರ್ಗಾಕ್ಕೆ ಹೂವಿನ ಚಾದರ ಹೊದಿಸುವುದಾಗಿ ತಾಯಿ ಹರಕೆ ಹೊತ್ತಳಂತೆ. ಹರಕೆ ತೀರಿಸುವಾಗ ಹತ್ತಿರದ ಯೋಗಮಾಯಾ ದೇವಿಯ ಗುಡಿಗೂ ಹೂವು ಹೋಯಿತು. ಅಲ್ಲಿಂದ ಬೆಳೆದು ಬಂದದ್ದು 'ಫೂಲ್‌ವಾಲೋಂ ಕೀ ಸೈರ್'. 1942ರಲ್ಲಿ ಬ್ರಿಟಿಷರು ಇದನ್ನು ನಿಲ್ಲಿಸಿದರು. 1960ರ ದಶಕದ ಆರಂಭದಲ್ಲಿ ನೆಹರೂ ಅವರ ಆಸಕ್ತಿಯಿಂದ ಮತ್ತೆ ಶುರುವಾಯಿತು. ದರ್ಗಾಕ್ಕೆ ಚಾದರ, ದೇವಿಗೆ ಹೂವಿನ ಛತ್ರ, ಜೊತೆಗೆ ಹೂವಿನ ಬೀಸಣಿಗೆಗಳ ಮೆರವಣಿಗೆ: ದೆಹಲಿಯ ಯಾವ ಸ್ಮಾರಕವೂ ಈ ಊರಿನ ಬಗ್ಗೆ ಇಷ್ಟು ಚೆನ್ನಾಗಿ ಹೇಳಲಾರದು.

ಆಗ್ರಾದ ತಾಜ್‌ಮಹಲಿಗೆ ಪರಿಚಯ ಬೇಡ. 1632ರಲ್ಲಿ ಕೆಲಸ ಆರಂಭವಾಗಿ, ಉದ್ಯಾನ ಮತ್ತು ಸುತ್ತಲ ಕಟ್ಟಡಗಳೂ ಸೇರಿ ಪೂರ್ಣವಾಗಲು ಎರಡು ದಶಕ ಹಿಡಿಯಿತು. ರಾಜಸ್ಥಾನದ ಮಕರಾಣಾದಿಂದ ತಂದ ಬಿಳಿಯ ಅಮೃತಶಿಲೆಯನ್ನು ಕೊರೆದು, ಬಣ್ಣದ ಕಲ್ಲುಗಳನ್ನು ಎಳೆಯಷ್ಟೂ ಸಂದು ಬಿಡದೆ ಕೂರಿಸಿದ್ದಾರೆ. ಈ ಕುಸುರಿಯ ಹೆಸರು ಪರ್ಚಿನ್‌ಕಾರಿ. ದಸರೆ ಕಳೆದು ಐದನೆಯ ದಿನ ಬರುವ ಶರತ್ ಪೂರ್ಣಿಮೆಯ ರಾತ್ರಿ ಈ ಕಲ್ಲುಗಳು ಬೆಳದಿಂಗಳಿಗೆ ಮಿನುಗುವುದನ್ನು ಆಗ್ರಾದವರು 'ಚಮ್ಕಿ' ಎನ್ನುತ್ತಾರೆ. ಹಿಂದೆ ಊರಿಗೆ ಊರೇ ಇದನ್ನು ನೋಡಲು ಸೇರುತ್ತಿತ್ತು. ಭದ್ರತೆಯ ಕಾರಣಕ್ಕೆ 1984ರಲ್ಲಿ ನಿಂತ ರಾತ್ರಿ ದರ್ಶನ ಸುಪ್ರೀಂ ಕೋರ್ಟಿನ ಅನುಮತಿಯಿಂದ 2004ರಲ್ಲಿ ಮರಳಿತು. ಈಗ ಹುಣ್ಣಿಮೆ, ಅದರ ಹಿಂದಿನ ಎರಡು ಮತ್ತು ಮುಂದಿನ ಎರಡು ರಾತ್ರಿ, ಸಣ್ಣ ತಂಡಗಳಿಗೆ ಅರ್ಧ ಗಂಟೆಯ ಅವಕಾಶವಿದೆ. ಶುಕ್ರವಾರ ತಾಜ್ ಮುಚ್ಚಿರುತ್ತದೆ, ರಂಜಾನ್ ತಿಂಗಳಲ್ಲಿ ರಾತ್ರಿ ದರ್ಶನವಿಲ್ಲ. ಆಗ್ರಾದಿಂದ ಮುಂದೆ ಜೈಪುರದ ದಾರಿಯಲ್ಲೇ ಸಿಗುವ ಫತೇಪುರ್ ಸಿಕ್ರಿಗೆ ಅರ್ಧ ದಿನವನ್ನಾದರೂ ಕೊಡಬೇಕು. 1571ರಿಂದ ಸುಮಾರು ಹದಿನಾಲ್ಕು ವರ್ಷ ಅಕ್ಬರನ ರಾಜಧಾನಿಯಾಗಿದ್ದ ಊರು ಅದು.

ಜೈಪುರ ಲೆಕ್ಕ ಹಾಕಿ ಕಟ್ಟಿದ ನಗರ. 1727ರಲ್ಲಿ ಸವಾಯಿ ಜೈಸಿಂಗ್ ಬೆಟ್ಟದ ಮೇಲಿನ ಆಮೇರ್ ಕೋಟೆಯನ್ನು ಬಿಟ್ಟು ಬಯಲಿಗಿಳಿದಾಗ, ಬಂಗಾಳ ಮೂಲದ ವಿದ್ಯಾಧರ ಭಟ್ಟಾಚಾರ್ಯ ನೇರ ಬೀದಿಗಳ, ಚೌಕ ವಿಭಾಗಗಳ ಯೋಜನೆ ಮಾಡಿಕೊಟ್ಟ. ಗುಲಾಬಿ ಬಣ್ಣದ ಖ್ಯಾತಿ ಬಂದದ್ದು ಬಹಳ ತಡವಾಗಿ, 1876ರಲ್ಲಿ ವೇಲ್ಸ್ ರಾಜಕುಮಾರನ ಭೇಟಿಗಾಗಿ ಊರಿಗೆ ಬಣ್ಣ ಬಳಿದಾಗ. ಹವಾಮಹಲಿನ 953 ಕಿಟಕಿಗಳ ಮುಂದೆ ಜನ ನಿಂತು ಫೋಟೋ ತೆಗೆಸಿಕೊಳ್ಳುತ್ತಾರೆ. ನಿಜವಾಗಿ ಹೊತ್ತು ಕಳೆಯಬೇಕಾದ ಜಾಗ ಜಂತರ್ ಮಂತರ್. ಅಲ್ಲಿನ ಸಾಮ್ರಾಟ್ ಯಂತ್ರ 27 ಮೀಟರ್ ಎತ್ತರದ ಸೂರ್ಯಗಡಿಯಾರ. ಅದರ ಇಳಿಜಾರು ಗೋಡೆಯ ನೆರಳು ಅಮೃತಶಿಲೆಯ ಕಮಾನಿನ ಮೇಲೆ ಬೀಳುತ್ತದೆ. ಒಂದು ಗೆರೆಯ ಮೇಲೆ ಬೆರಳಿಟ್ಟು ನಿಂತರೆ, ಸೆಕೆಂಡಿಗೆ ಸುಮಾರು ಒಂದು ಮಿಲಿಮೀಟರಿನಂತೆ ನೆರಳು ಸರಿಯುವುದು ಬರಿಗಣ್ಣಿಗೇ ಕಾಣುತ್ತದೆ. ಒಂದು ನಿಮಿಷಕ್ಕೆ ಮೂರು-ನಾಲ್ಕು ಬೆರಳಗಲ ದಾಟಿರುತ್ತದೆ. ಹಬ್ಬದ ಜೈಪುರ ಬೇಕೆನ್ನುವವರು ದೀಪಾವಳಿಗೆ ಬರಬಹುದು, ಆಗ ಹಳೆ ಊರಿನ ಅಂಗಡಿಬೀದಿಗಳೆಲ್ಲ ದೀಪಗಳಿಂದ ತುಂಬಿರುತ್ತವೆ. ಇಲ್ಲಿನ ದೊಡ್ಡ ಮೆರವಣಿಗೆಗಳು ಮಾತ್ರ ಬೇರೆ ಕಾಲದವು: ಶ್ರಾವಣ ಶುಕ್ಲ ತದಿಗೆಯ ತೀಜ್, ಚೈತ್ರ ಶುಕ್ಲ ತದಿಗೆಯ ಗಣಗೌರ್. ಎರಡರಲ್ಲೂ ದೇವಿಯ ಪಲ್ಲಕ್ಕಿ ಅರಮನೆಯಿಂದ ಹೊರಟು ತ್ರಿಪೋಲಿಯಾ ಬಾಗಿಲನ್ನು ದಾಟಿ ಬೀದಿಗೆ ಬರುತ್ತದೆ. ಉತ್ತರ ಕರ್ನಾಟಕದ ಮನೆಗಳಲ್ಲಿ ಚೈತ್ರಗೌರಿಯನ್ನು ಕೂರಿಸುವುದೂ ಇದೇ ಚೈತ್ರದ ತದಿಗೆಯಂದು.

ಜೈಪುರದಿಂದ ಅಜ್ಮೇರಿಗೆ ಬಂದು, ನಾಗಪರ್ವತವನ್ನು ಬಳಸಿ ಇಳಿದರೆ ಪುಷ್ಕರ. ಸರೋವರದ ಸುತ್ತ 52 ಘಾಟ್‌ಗಳು, ದೇಶದಲ್ಲಿ ಅಪರೂಪವಾದ ಬ್ರಹ್ಮನ ಗುಡಿ. ಕಾರ್ತಿಕ ಶುಕ್ಲ ಏಕಾದಶಿಯಿಂದ ಹುಣ್ಣಿಮೆಯವರೆಗೆ ಇಲ್ಲಿ ಪುಣ್ಯಸ್ನಾನದ ಜಾತ್ರೆ. ಒಂಟೆ ನೋಡಲೆಂದೇ ಬರುವವರು ಹುಣ್ಣಿಮೆಗೆ ಬಂದರೆ ನಿರಾಶೆಯಾಗುತ್ತದೆ. ಒಂಟೆ, ಕುದುರೆಗಳ ವ್ಯಾಪಾರ ಏಕಾದಶಿಗೆ ಮೊದಲೇ ಭರದಿಂದ ನಡೆದು, ಯಾತ್ರಿಕರು ಸೇರುವ ಹೊತ್ತಿಗೆ ಜಾನುವಾರುಗಳ ಮಾಲೀಕರು ಊರಿನ ದಾರಿ ಹಿಡಿದಿರುತ್ತಾರೆ. ಪ್ರವಾಸಿಗರಿಗೆ ಇದರಿಂದ ಅನುಕೂಲವೇ ಆಗಿದೆ. ಮರಳ ಬಯಲಿನ ವ್ಯಾಪಾರವನ್ನು ಮೊದಲು ನೋಡಿ ಮುಗಿಸಿ, ಸುಮಾರು ಒಂದು ದಿನದ ರೈಲು ಪ್ರಯಾಣ ಮಾಡಿದರೆ ಅದೇ ಹುಣ್ಣಿಮೆಗೆ ಕಾಶಿಯಲ್ಲಿರಬಹುದು.

ಕಾಶಿಗೆ ಉಳಿದೆಲ್ಲ ಊರುಗಳಿಗಿಂತ ಹೆಚ್ಚು ದಿನ ಬೇಕು. ಇಲ್ಲಿ ಗಂಗೆ ಉತ್ತರಕ್ಕೆ ತಿರುಗಿ ಹರಿಯುತ್ತಾಳೆ. ಊರಿರುವುದು ಪಶ್ಚಿಮ ದಡದಲ್ಲಿ, ಎದುರಿನ ದಡ ಬಹುಪಾಲು ಬರೀ ಮರಳು. ಹಾಗಾಗಿ ಬೆಳಗಿನ ಮೊದಲ ಬಿಸಿಲು ಅಡೆತಡೆಯಿಲ್ಲದೆ ಎಂಬತ್ತನಾಲ್ಕು ಘಾಟ್‌ಗಳ ಮೆಟ್ಟಿಲ ಮೇಲೆ ಬೀಳುತ್ತದೆ. ಊರು ಎಷ್ಟು ಪ್ರಾಚೀನವೋ ಕಟ್ಟಡಗಳು ಅಷ್ಟು ಹಳೆಯವಲ್ಲ. ಇಂದಿನ ವಿಶ್ವನಾಥ ಮಂದಿರ 1780ರಲ್ಲಿ ಅಹಲ್ಯಾಬಾಯಿ ಹೋಳ್ಕರ್ ಕಟ್ಟಿಸಿದ್ದು. ಗೊದೌಲಿಯಾದ ಸಮೀಪ ವೀರಶೈವ ಪಂಚಪೀಠಗಳಲ್ಲಿ ಒಂದಾದ ಜಂಗಮವಾಡಿ ಮಠವಿದೆ. ಕರ್ನಾಟಕದಿಂದ ಬಂದವರಿಗೆ ಅಲ್ಲಿ ಕನ್ನಡ ಕೇಳಿಸುತ್ತದೆ. ತೀರಿಹೋದವರ ನೆನಪಿಗೆ ಭಕ್ತರು ಸ್ಥಾಪಿಸಿದ ಚಿಕ್ಕ ಚಿಕ್ಕ ಶಿವಲಿಂಗಗಳು ಮಠದ ಅಂಗಳಗಳಲ್ಲಿ ಲೆಕ್ಕಕ್ಕೆ ಸಿಗದಷ್ಟಿವೆ.

ಕಾಶಿಯ ಹಬ್ಬದ ಕಾಲ ಶುರುವಾಗುವುದು ನದಿಯ ಆಚೆ, ಕಾಶಿ ರಾಜರ ರಾಮನಗರದಲ್ಲಿ. ಅನಂತ ಚತುರ್ದಶಿಯಿಂದ 31 ದಿನ ನಡೆಯುವ ಅಲ್ಲಿನ ರಾಮಲೀಲೆಗೆ ರಂಗಮಂಟಪವಿಲ್ಲ, ಮೈಕಿಲ್ಲ, ವಿದ್ಯುದ್ದೀಪವಿಲ್ಲ. ಅಯೋಧ್ಯೆ, ಜನಕಪುರ, ಲಂಕೆಗಳೆಲ್ಲ ಊರಿನ ಬೇರೆಬೇರೆ ಜಾಗಗಳು. ರಾಮ ಕಾಡಿಗೆ ನಡೆದರೆ ಪ್ರೇಕ್ಷಕರೂ ಹಿಂದೆ ನಡೆಯುತ್ತಾರೆ. ತುಳಸೀದಾಸರ ರಾಮಚರಿತಮಾನಸವನ್ನು ರಾಮಾಯಣಿಗಳ ಮೇಳ ಹಾಡುತ್ತದೆ. ಮಾತು ಬರುವ ಮುನ್ನ ಸುಮ್ಮನಿರಿ ಎಂದು ಒಂದು ಕೂಗು. ಸಾವಿರಾರು ಜನ ತಟ್ಟನೆ ಮೌನವಾಗುತ್ತಾರೆ, ಬಾಲಕನೊಬ್ಬ ಏರುದನಿಯಲ್ಲಿ ರಾಮನ ಮಾತನ್ನಾಡುತ್ತಾನೆ. ದಿನದ ಕೊನೆಗೆ ಬಣ್ಣದ ಮತಾಪಿನ ಬೆಳಕಿನಲ್ಲಿ ಆರತಿ. ರಾಮಲೀಲಾ ಪರಂಪರೆ 2008ರಲ್ಲಿ ಯುನೆಸ್ಕೋ ಪಟ್ಟಿಗೆ ಸೇರಿತು.

ಆ ಬಳಿಕ ಕಾರ್ತಿಕ. ತಿಂಗಳಿಡೀ ಸಂಜೆ ಪಂಚಗಂಗಾ ಘಾಟಿನಲ್ಲಿ ಎತ್ತರದ ಬಿದಿರ ಗಳುಗಳ ತುದಿಗೆ ಬೆತ್ತದ ಬುಟ್ಟಿಗಳನ್ನು ಹಗ್ಗದಿಂದ ಏರಿಸುತ್ತಾರೆ. ಒಳಗೆ ಪಿತೃಗಳಿಗಾಗಿ ಹಚ್ಚಿಟ್ಟ ಹಣತೆ. ಕನ್ನಡ ನಾಡಿನ ಆಕಾಶಬುಟ್ಟಿಯ ಹತ್ತಿರದ ನೆಂಟ ಇದು. ಇದೇ ಘಾಟಿನ ಮೆಟ್ಟಿಲಲ್ಲಿ ಕಬೀರನಿಗೆ ರಾಮಾನಂದರ ದೀಕ್ಷೆ ಸಿಕ್ಕಿತೆಂಬ ನಂಬಿಕೆಯಿದೆ, ಮೇಲೆ ಔರಂಗಜೇಬನ ಕಾಲದ ಮಸೀದಿ ಇದೆ. ಹುಣ್ಣಿಮೆಯಂದು ದೇವ ದೀಪಾವಳಿ, ಶಿವ ತ್ರಿಪುರಾಸುರನನ್ನು ಕೊಂದ ದಿನ. ಅಂದು ಸಂಜೆ ಘಾಟ್‌ಗಳ ಮೆಟ್ಟಿಲುಗಳ ಮೇಲೆಲ್ಲ ಸಾಲುಸಾಲಾಗಿ ಹಣತೆಗಳು. ಹಬ್ಬಕ್ಕೆ ಪುರಾಣದ ಬೇರಿದ್ದರೂ ಈಗಿನ ವೈಭವ ಕೆಲವೇ ದಶಕಗಳದು. ಅಂದು ದೋಣಿಗಳ ಬಾಡಿಗೆ ಹಲವು ಪಟ್ಟು ಏರುತ್ತದೆ. ಮಧ್ಯಾಹ್ನವೇ ಯಾವುದಾದರೂ ಘಾಟಿನ ಮೇಲಿನ ಮೆಟ್ಟಿಲಲ್ಲಿ ಜಾಗ ಹಿಡಿದವರಿಗೂ ನೋಟಕ್ಕೆ ಕೊರತೆಯಾಗುವುದಿಲ್ಲ.

ಕಾರ್ತಿಕಕ್ಕೆ ಬಿಡುವಾಗದವರಿಗೆ ಫಾಲ್ಗುಣವಿದೆ. ಮಥುರೆಯ ಸಮೀಪದ ಬರ್ಸಾನಾದಲ್ಲಿ ಶುಕ್ಲ ನವಮಿಯಂದು ಹೆಂಗಸರು ನಂದಗಾಂವ್‌ನಿಂದ ಬಂದ ಗಂಡಸರನ್ನು ಕೋಲಿನಿಂದ ಹೊಡೆದು ಹೋಳಿ ಆಡುತ್ತಾರೆ. ಗಂಡಸರು ಗುರಾಣಿ ಹಿಡಿದು ಕೂರುತ್ತಾರೆ. ಮರುದಿನ ಆಟ ನಂದಗಾಂವ್‌ಗೆ ಹೋಗುತ್ತದೆ. ಡಿಸೆಂಬರ್, ಜನವರಿಯನ್ನು ಮಾತ್ರ ತಪ್ಪಿಸುವುದು ಒಳಿತು, ಮಂಜು ಕವಿದು ರೈಲುಗಳು ಗಂಟೆಗಟ್ಟಲೆ ತಡವಾಗುತ್ತವೆ. ಅಧಿಕ ಮಾಸ ಬಂದ ವರ್ಷ ಅದರ ನಂತರದ ಹಬ್ಬಗಳೆಲ್ಲ ಹಿಂದಿನ ವರ್ಷಕ್ಕಿಂತ ಸುಮಾರು ಮೂರು ವಾರ ತಡವಾಗಿ ಬರುತ್ತವೆ. ರೈಲ್ವೆ ಮುಂಗಡ ಟಿಕೆಟ್ ಸಿಗುವುದು 60 ದಿನ ಮೊದಲು; ಕಾಶಿಗೆ ಹೋಗುವ ರೈಲುಗಳಲ್ಲಿ ಕಾರ್ತಿಕ ಹುಣ್ಣಿಮೆಯ ಆಸುಪಾಸಿನ ಸೀಟುಗಳು ಬೇಗನೆ ತುಂಬಿಹೋಗುತ್ತವೆ.